ಕರೆಂಟಿನ ಕೊಳೆ ಹೀರುವ ಪೆಟ್ಟಿಗೆ

ಕೊಳ್ಳಲೇಬೇಕೆಂದು ಮನಸ್ಸು ತೀರ್ಮಾನಿಸಿಬಿಟ್ಟರೆ ಆಮೇಲೆ ಕಿವಿಗೆ ಬೇರೆ ಕೆಲಸವಿರುವುದಿಲ್ಲ. ಹೌದು ಹೌದು ಎನ್ನುತ್ತಿದ್ದರಾಯಿತು. ಇದು ನನಗೆ ತಿಳಿದದ್ದು ಎಂಬತ್ತರ ದಶಕದಲ್ಲಿ, ನಾವು ಮತ್ತಿಕೆರೆಯ ಬಾಡಿಗೆ ಮನೆಯಲ್ಲಿದ್ದಾಗ, ನಮ್ಮ ಯಜಮಾನರು ತಮ್ಮ ಸ್ಟೀರಿಯೋಗೆ ಜೋಡಿಯಾಗಿ ಒಂದು ಅರ್ಥಿಂಗ್ ಪೆಟ್ಟಿಗೆ ತಂದ ಮೇಲೆ.

ಪಾಲಿಶ್ ಮಾಡಿದ ಮರ, ಹಿತ್ತಾಳೆಯ ತಿರುಪು, ಬಾಲದಂತೆ ಒಂದು ತಂತಿ. ತಂತಿಯನ್ನು ಸ್ಟೀರಿಯೋದ ಬೆನ್ನಿಗೆ ಸಿಕ್ಕಿಸಿದರೆ ಪೆಟ್ಟಿಗೆ ಕರೆಂಟಿನ ಕೊಳೆಯನ್ನೆಲ್ಲ ಹೀರಿ ಹಾಡನ್ನು ಶುಭ್ರ ಮಾಡುತ್ತದಂತೆ. ಒಳಗೇನಿದೆ ಎಂಬುದನ್ನು ಯಶವಂತಪುರದ ಅಂಗಡಿಯವನು ಹೇಳುವುದಿಲ್ಲ. ಬಿಚ್ಚಿದರೆ ಗುಣ ಹೋಗುತ್ತದಂತೆ. ಹಿತ್ತಲಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಇದ್ದೇ ಇತ್ತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವಳೂ ನಾನೇ. ಮತ್ತೆ ಇದೇಕೆ ಎಂದು ಯಜಮಾನರನ್ನು ಕೇಳಿದೆ.

“ಅದು ಶಾಕ್ ಹೊಡೀದೇ ಇರ್ಲಿ ಅಂತ ಕಣೇ. ಇದು ನಾದಕ್ಕೆ,” ಎಂದರು.

ನನಗೆ ನಾದ ಗೊತ್ತಿಲ್ಲ, ಕೊಳೆ ಗೊತ್ತು. ಬಟ್ಟೆ ಒಗೆದರೆ ಅದು ನೀರಿನಲ್ಲಿ ಕಾಣುತ್ತದೆ, ಅಕ್ಕಿ ಆರಿಸಿದರೆ ಮೊರದಲ್ಲಿ ಕಾಣುತ್ತದೆ. ಇದು ಹೀರಿದ ಕೊಳೆ ಎಲ್ಲಿ? ದಿನಾ ಧೂಳು ಒರೆಸುವಾಗ ಎತ್ತಿ ನೋಡುತ್ತಿದ್ದೆ. ತೂಕವೇನೂ ಹೆಚ್ಚಿರಲಿಲ್ಲ.

ನನ್ನ ಗುಮಾನಿಗೆ ಸ್ವಾರ್ಥವೂ ಬೆರೆತಿತ್ತು ಅನ್ನಿ. ದಸರಾ ಮುಗಿಯುವವರೆಗೆ ಇಟ್ಟುಕೊಂಡು ನೋಡಿ, ಬೇಡವಾದರೆ ವಾಪಸು ಕೊಡಿ ಎಂದಿದ್ದನಂತೆ ಅಂಗಡಿಯವನು. ಬೇಕೆಂದರೆ ತೆರಬೇಕಾದದ್ದು ಮಿಕ್ಸಿಗೆಂದು ಕೂಡಿಟ್ಟ ದುಡ್ಡು. ಒರಳುಕಲ್ಲು ತಿರುಗಿಸಿ ತಿರುಗಿಸಿ ನನ್ನ ಬಲರಟ್ಟೆ ಆಗಲೇ ಬಿದ್ದುಹೋಗಿತ್ತು.

ಆಯುಧಪೂಜೆ ಬಂತು. ದೇವರ ಮೂಲೆಯಲ್ಲಿ ಈಳಿಗೆಮಣೆ, ಕತ್ತರಿ, ಸ್ಕೂಟರಿನ ಸ್ಪ್ಯಾನರು ಸಾಲಾಗಿ ಕೂತವು. ಸ್ಟೀರಿಯೋ ಭಾರ, ಇದ್ದಲ್ಲೇ ಕುಂಕುಮ ಹಚ್ಚಿಸಿಕೊಂಡಿತು. ಪೆಟ್ಟಿಗೆಯನ್ನು ಮಾತ್ರ ಯಜಮಾನರೇ ತಂತಿ ಬಿಚ್ಚಿ ತಂದು, ಈಳಿಗೆಮಣೆಯ ಪಕ್ಕದಲ್ಲಿಟ್ಟು, ತಲೆಯ ಮೇಲೊಂದು ಸೇವಂತಿಗೆ ಇಟ್ಟರು.

ಮರುದಿನ ಬೆಳಿಗ್ಗೆ ಅವರ ಸ್ನೇಹಿತ ಕುಲಕರ್ಣಿ ಬಂದರು. ಧಾರವಾಡದ ಕಡೆಯವರು, ಇಬ್ಬರಿಗೂ ಜಾಲಹಳ್ಳಿಯ ಒಂದೇ ಕಾರ್ಖಾನೆಯಲ್ಲಿ ಕೆಲಸ. ಸಂಗೀತದಲ್ಲಿ ಕುಲಕರ್ಣಿಯವರು ಹೇಳಿದ್ದೇ ನಮ್ಮವರಿಗೆ ಕೊನೆಯ ಮಾತು. ಸ್ಟೀರಿಯೋ ಹಾಡತೊಡಗಿತು.

“ತಂಬೂರಿ ಕೇಳಿದ್ರಾ? ಪೆಟ್ಟಿಗೆ ಬರೋಕ್ ಮುಂಚೆ ಇಷ್ಟು ಕ್ಲಿಯರ್ ಇರ್ಲೇ ಇಲ್ಲ ಕಣ್ರೀ.”

“ಹೌದ್ ನೋಡ್ರಿ! ಉಸಿರು ತಗೊಳ್ಳೋದೂ ಕೇಳಸ್ತದ. ತಗೊಂಡುಬಿಡ್ರಿ ಸುಮ್ನ. ಎಲ್ಲಿ ಅದ ಅದು? ತೋರಸ್ರಿ.”

ಯಜಮಾನರು ಸ್ಟೀರಿಯೋ ಮೇಜಿನ ಹಿಂದೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ಕಾಫಿ ಲೋಟಗಳನ್ನಿಟ್ಟು, ದೇವರ ಮೂಲೆಗೆ ಹೋಗಿ, ಸೇವಂತಿಗೆ ಬೀಳದ ಹಾಗೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದೆ.

ಕುಲಕರ್ಣಿ ನಕ್ಕ ರಭಸಕ್ಕೆ ಕಾಫಿ ಪಂಚೆಯ ಮೇಲೆ ಚೆಲ್ಲಿತು. “ಏನ್ರಿ ವೈನಿ, ಇದು ಅಲ್ಲೇ ಕೂತು ಆಶೀರ್ವಾದ ಮಾಡ್ಲಿಕ್ಕತ್ತಿತ್ತೇನು?”

“ನಿನ್ನೆವರೆಗೂ ಹೀರಿತ್ತಲ್ಲ, ಅದರ ಎಫೆಕ್ಟ್ ಇನ್ನೂ ಇದೆ,” ಎಂದರು ಯಜಮಾನರು. ಆದರೆ ಅವರ ದನಿಗೆ ಅವರದೇ ಬೆಂಬಲವಿರಲಿಲ್ಲ. ಸಂಜೆ ಕುಂಕುಮ ಒರೆಸಿಕೊಂಡು ಪೆಟ್ಟಿಗೆ ಯಶವಂತಪುರಕ್ಕೆ ವಾಪಸಾಯಿತು. ದೀಪಾವಳಿಗೆ ಮಿಕ್ಸಿ ಬಂತು.

ಗೆದ್ದೆನೆಂದು ಬೀಗುತ್ತ ಮೊದಲ ದಿನದ ಚಟ್ನಿ ಬಡಿಸಿ, “ಏನೇ ಅನ್ನಿ, ಒರಳಿನ ರುಚಿ ಇದಕ್ಕೆ ಬರಲ್ಲ,” ಎಂದೆ.

“ಹೌದಾ? ಎರಡರಲ್ಲೂ ರುಬ್ಬು. ಕಣ್ಣು ಮುಚ್ಕೊಂಡು ತಿಂದು, ಒರಳಿಂದು ಯಾವ್ದು ಹೇಳು ನೋಡೋಣ,” ಎಂದರು ಯಜಮಾನರು, ತಟ್ಟೆಯಿಂದ ತಲೆ ಎತ್ತದೆ.

ಇಷ್ಟು ವರ್ಷವಾದರೂ ಆ ಪರೀಕ್ಷೆಗೆ ನಾನು ಕೂತಿಲ್ಲ. ಹಬ್ಬದ ದಿನ ರಟ್ಟೆ ನೋಯಿಸಿಕೊಂಡು ಒರಳಿನಲ್ಲೇ ರುಬ್ಬುತ್ತೇನೆ. ಕಣ್ಣು ಬಿಟ್ಟುಕೊಂಡೇ ತಿನ್ನುತ್ತೇನೆ.