ಅರಳಿಮರದವರೆಗಿನ ಐದು ಕಿಲೋಮೀಟರ್

ಬೆಳಕು ಹರಿಯುವ ಹೊತ್ತಿಗೆ ದಂಡಿಗನಹಳ್ಳಿ ರಸ್ತೆಯಲ್ಲಿ ಸಿಂಧು ಓಡುತ್ತಿದ್ದಾಳೆ. ಹಿಂದೆ ಸೈಕಲ್ಲಿನಲ್ಲಿ ನಂಜಪ್ಪ. ಮುಂದಿನ ಚಕ್ರದ ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆಚೂರು ಮೇಲೆ ಬಂದಾಗಲೆಲ್ಲ ಅವರ ತುಟಿ ಅಲ್ಲಾಡುತ್ತದೆ. ರಸ್ತೆ ಅಳೆದು ಮುಗಿದು ತಿಂಗಳುಗಳಾದರೂ ಸುತ್ತು ಎಣಿಸುವ ಚಟ ಬಿಟ್ಟಿಲ್ಲ.

"ಅವಸರ ಬ್ಯಾಡ ಕಣವ್ವ, ಇನ್ನೂ ಅರ್ಧ ದಾರಿ ಅದೆ," ಎಂದು ಅವರು ಕೂಗಿದರೆ ರಸ್ತೆಬದಿಯ ನಾಯಿಗಳೂ ಎದ್ದು ಕೂರುತ್ತವೆ.

ನಂಜಪ್ಪನವರದು ಊರ ಬಾಗಿಲಲ್ಲಿ ಸೈಕಲ್ ಶಾಪು. ಪಂಕ್ಚರ್ ಹಾಕುವುದು ಕಸುಬು, ಓಡುವ ಮಕ್ಕಳ ಹಿಂದೆ ತಿರುಗುವುದು ಹುಚ್ಚು. ಹತ್ತು ವರ್ಷದಿಂದ ಈ ಹುಚ್ಚಿಗೆ ಯಾರೂ ಸಂಬಳ ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ.

ಹೋದ ವರ್ಷ, ೨೦೦೫ರಲ್ಲಿ, ಚನ್ನರಾಯಪಟ್ಟಣದ ಕಂಪ್ಯೂಟರ್ ಸೆಂಟರಿನ ಗಿರಿಧರ ಒಂದು ಹೊಸ ಲೆಕ್ಕ ತೋರಿಸಿದರು. ಐದು ಕಿಲೋಮೀಟರ್ ಓಡಿದ ಸಮಯ ಕೊಟ್ಟರೆ ಹತ್ತಕ್ಕೆ ಎಷ್ಟಾಗುತ್ತದೆಂದು ಯಂತ್ರವೇ ಹೇಳುತ್ತಿತ್ತು. ಸಿಂಧುವಿಗೆ ಬಂದದ್ದು ನಲವತ್ತೆರಡು ನಿಮಿಷ. ನಂಜಪ್ಪ ಹಿಗ್ಗಿಹೋದರು. ಹಾಸನದ ಹತ್ತು ಕಿಲೋಮೀಟರ್ ಆಯ್ಕೆ ಓಟದಲ್ಲಿ ಅದೇ ವೇಗದಲ್ಲಿ ಓಡೆಂದು ಹೇಳಿ ಕಳಿಸಿದರು. ಮುಕ್ಕಾಲು ದಾರಿಯಲ್ಲಿ ಹುಡುಗಿ ಸುಸ್ತಾಗಿ ಕೂತುಬಿಟ್ಟಳು.

"ವಾರಗಟ್ಲೆ ಆ ಮಿಸನ್ನಿಗೆ ಬೈದೆ ಸಾ. ಆಮೇಕೆ ಒಂದಿನ ಸೈಕಲ್ನಾಗೆ ಅಳ್ದು ನೋಡುದ್ರೆ ತಪ್ಪು ನಮ್ದೇ," ಎಂದು ನಂಜಪ್ಪ ನನ್ನೆದುರು ಒಪ್ಪಿಕೊಳ್ಳುತ್ತಾರೆ.

ಊರವರ ಲೆಕ್ಕದಲ್ಲಿ ಬಸ್ಸಿನ ಮುಂದಿನ ಸ್ಟೇಜು ಅಂದರೆ ಐದು ಕಿಲೋಮೀಟರ್. ಆದರೆ ಸ್ಟೇಜಿನ ಬೋರ್ಡು ಇರುವುದು ಬಿಸಿಲಲ್ಲಿ. ಜನ ನಿಲ್ಲುವುದು ಅದಕ್ಕೂ ಹಿಂದಿನ ಅರಳಿಮರದ ನೆರಳಲ್ಲಿ. ಬಸ್ಸೂ ಅಲ್ಲೇ ನಿಂತು ನಿಂತು, ಮರವೇ ಸ್ಟೇಜಾಗಿಬಿಟ್ಟಿತ್ತು. ಸಿಂಧು ಓಡಿದ್ದು ಮರದವರೆಗೆ. ಬೋರ್ಡಿಗಿಂತ ಸುಮಾರು ಅರ್ಧ ಕಿಲೋಮೀಟರ್ ಕಮ್ಮಿ.

ಗಿರಿಧರ ತಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. "ದೂರ ಸರಿಯಿದ್ರೂ ಅದು ಬರೀ ಅಂದಾಜು. ಉದ್ದದ ಓಟ ಓಡಿ ರೂಢಿ ಇರೋರಿಗಷ್ಟೇ ಹತ್ತಿರ ಬರುತ್ತೆ. ಇವಳು ಅದಕ್ಕೆ ಮುಂಚೆ ಹತ್ತು ಓಡೇ ಇರಲಿಲ್ಲ, ನಾನೂ ಕೇಳಲಿಲ್ಲ."

ಈಗ ವಾರಕ್ಕೆರಡು ಸಲ ಬೋರ್ಡು ದಾಟಿ ಉದ್ದದ ಓಟ. ಬರುವ ಭಾನುವಾರ ಮತ್ತೆ ಆಯ್ಕೆ. ಮೊದಲ ಮೂವರಿಗೆ ಕ್ರೀಡಾ ಹಾಸ್ಟೆಲ್ಲಿನ ಸೀಟು. ಮುಂದಿನ ವರ್ಷ ಸಿಂಧುವಿಗೆ ವಯಸ್ಸು ಮೀರುತ್ತದೆ. ಈ ಸಲ ಬೋರ್ಡಿನವರೆಗೆ, ಸರಿಯಾದ ದೂರ ಓಡಿದ ಸಮಯ ಕೊಟ್ಟ ಮೇಲೆ ಯಂತ್ರ ಹೇಳಿದ್ದು ನಲವತ್ನಾಲ್ಕು ನಿಮಿಷ. ಅವಳ ಮುಖ ಸಪ್ಪಗಾಯಿತು.

"ಒಂದು ವರ್ಷ ಓಡಿ ಇನ್ನೂ ನಿಧಾನ ಆದ್ನಾ ಮಾವ?"

"ನಿಧಾನ ಆಗಿಲ್ಲ ಕಣವ್ವ. ವೋದ ಸಲದ ನಲವತ್ತೆರಡು ನೀನು ಓಡಿದ್ದಲ್ಲ, ದೂರ ತಪ್ಪು ಕೊಟ್ಟು ನಾವು ಓಡ್ಸಿದ್ದು."

ಬೋರ್ಡಿನ ಹತ್ತಿರ ಸಿಂಧು ತಿರುಗಿ ಊರ ಕಡೆ ಹೊರಡುತ್ತಾಳೆ, ಉಸಿರು ಹದದಲ್ಲೇ ಇದೆ. ಭಾನುವಾರದ ಆಸೆಯೇನೆಂದು ಕೇಳಿದರೆ ನಂಜಪ್ಪ ಕೂಡಲೇ ಪೆಡಲ್ ತುಳಿಯುವುದಿಲ್ಲ.

"ಸೀಟು ಸಿಕ್ರೆ ಅವಳ ಕಾಲಿನ ಪುಣ್ಯ ಸಾ. ಗೆರೆ ದಾಟೋವಾಗ ಕಾಲ ಮೇಲೆ ನಿಂತಿರ್ಲಿ, ಅಷ್ಟೇಯ. ವೋದ ಸಲ ಅವಳು ಕೂತಿದ್ದಲ್ಲ, ನನ್ನ ಲೆಕ್ಕ ಕೂರ್ಸಿದ್ದು."