ನಿಲ್ಲಿಸದೆ ಕೆಚ್ಚಿದ್ದು

೧೯೯೮ರಲ್ಲಿ ನಾನು ಬಾಶೆಟ್ಟಿಹಳ್ಳಿಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ಅದಕ್ಕೂ ಮೊದಲು ಎರಡು ವರ್ಷ ಅಲ್ಲೇ ಪ್ಯಾಕಿಂಗ್ ಹಾಲಿನಲ್ಲಿ ನಿಂತು ಅಂಗಿ ಮಡಚಿದ್ದೆ. ದೊಡ್ಡಬಳ್ಳಾಪುರದಲ್ಲಿ ಸಂಜೆ ತರಗತಿಗೆ ಹೋಗಿ ಕಲಿತು ಆ ಕುರ್ಚಿ ಸಂಪಾದಿಸಿದ್ದೆ. ಯಾರೂ ಕರೆದು ಕೂರಿಸಿದ್ದಲ್ಲ.

ಕೆಳ ಅಂತಸ್ತಿನ ಇಪ್ಪತ್ತೆರಡು ಕಂಪ್ಯೂಟರ್‌ಗಳ ತಂತಿಗಳೂ ನಮ್ಮ ಕೋಣೆಯ ಒಂದೇ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಅದನ್ನು ಹಬ್ ಎನ್ನುತ್ತಿದ್ದೆವು. ಅದು ನಿಧಾನವೆಂದು ಸ್ವಿಚ್ ಎಂಬ ಹೊಸ ಪೆಟ್ಟಿಗೆ ತರಿಸಿದರು. ಕೂರಿಸಲು ಬೆಂಗಳೂರಿನಿಂದ ಬಂದ ಎಂಜಿನಿಯರ್, ಒಂದು ಪಾಳಿ ಪೂರ್ತಿ ಎಲ್ಲ ಕಂಪ್ಯೂಟರ್ ಆರಿಸಬೇಕು ಎಂದರು. ಆ ವಾರ ಭಾನುವಾರವೂ ಲಾರಿಗಳು ಹೊರಡುವುದಿತ್ತು. ಕಂಪ್ಯೂಟರ್ ನಿಂತರೆ ಲೋಡಿಂಗ್ ವಿಭಾಗದಲ್ಲಿ ಚಲನ್ ಅಚ್ಚಾಗುವುದಿಲ್ಲ, ಚಲನ್ ಇಲ್ಲದೆ ಲಾರಿ ಗೇಟು ದಾಟುವುದಿಲ್ಲ. ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು. ಆರಿಸದೆಯೇ ಬದಲಿಸಬಹುದು ಎಂದೆ.

ನಮ್ಮದು ನೇಯುವ ಮನೆ. ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅಮ್ಮ ಹಳೆಯ ಎಳೆಗಳನ್ನು ಕಿತ್ತು ಮೊದಲಿನಿಂದ ಪೋಣಿಸುತ್ತಿರಲಿಲ್ಲ. ಬೂದಿ ಸವರಿದ ಬೆರಳುಗಳಿಂದ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸುತ್ತಿದ್ದಳು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಇಲ್ಲೂ ಹಾಗೆಯೇ ಮಾಡುವುದು ನನ್ನ ಯೋಚನೆ. ಹೊಸ ಪೆಟ್ಟಿಗೆಯನ್ನು ಹಳೆಯದರ ಪಕ್ಕದಲ್ಲಿಟ್ಟು, ಎರಡನ್ನೂ ಒಂದು ತಂತಿಯಿಂದ ಜೋಡಿಸಿ, ಒಂದೊಂದೇ ಕಂಪ್ಯೂಟರಿನ ತಂತಿಯನ್ನು ಹೊಸದಕ್ಕೆ ದಾಟಿಸುವುದು. ಕೂತವರು ಇಂಟರ್‌ಕಾಮಿನಲ್ಲಿ ಹೂಂ ಎಂದು ಕೈ ತಡೆದಾಗ ತಂತಿ ಕಿತ್ತು ಚುಚ್ಚಿದರೆ ಅವರ ಕೆಲಸ ಕಡಿಯುವುದಿಲ್ಲ.

ಎಂಜಿನಿಯರ್ ನಕ್ಕರು. ಮ್ಯಾನೇಜರು ನಗಲಿಲ್ಲ. “ಆಯ್ತಮ್ಮ, ಮಾಡು. ಲೋಡಿಂಗ್ ನಿಂತ್ರೆ ಮಾತ್ರ ಸೋಮವಾರದಿಂದ ನೀನು ಪ್ಯಾಕಿಂಗ್‌ಗೆ ವಾಪಸ್,” ಎಂದರು.

“ನಿಲ್ಲಲ್ಲ ಸರ್,” ಎಂದೆ.

ಶನಿವಾರ ಬೆಳಿಗ್ಗೆ ಶುರುಮಾಡಿದೆ. ತಂತಿ ದಾಟಿದಾಗಲೆಲ್ಲ ದಿನಚರಿಯಲ್ಲಿ ಒಂದು ಗೀಟು. ಒಂಬತ್ತು ಗೀಟಾದವು, ಯಾರ ದೂರೂ ಇಲ್ಲ. ಆಗ ಎರಡು ಪೆಟ್ಟಿಗೆಗಳ ನಡುವಿನ ಆ ಒಂಟಿ ತಂತಿ ಯಾಕೋ ಬಡಕಲಾಗಿ ಕಂಡಿತು. ಸೀರೆಯ ಅಂಚು ಎಳೆತ ತಾಳಲೆಂದು ನಾವು ಅಲ್ಲಿ ಜೋಡಿ ಎಳೆ ಹಾಕುತ್ತೇವೆ. ಇಲ್ಲೂ ಭದ್ರವಾಗಿರಲಿ ಎಂದು ಇನ್ನೊಂದು ತಂತಿ ಚುಚ್ಚಿದೆ.

ಎರಡೂ ಪೆಟ್ಟಿಗೆಗಳ ದೀಪಗಳು ಹುಚ್ಚೆದ್ದು ಮಿನುಗತೊಡಗಿದವು. ಇಂಟರ್‌ಕಾಮ್ ಬಡಿದುಕೊಂಡಿತು. ಲೋಡಿಂಗ್ ಗುಮಾಸ್ತರು. “ಏನಮ್ಮಾ ತಾಯಿ, ಸ್ಕ್ರೀನ್ ಅಲ್ಲಾಡ್ತಾನೇ ಇಲ್ಲ. ಡ್ರೈವರ್‌ಗೆ ನೀನೇ ಬಂದು ಕಥೆ ಹೇಳ್ತೀಯಾ?”

ಎಲ್ಲ ಆಫ್ ಮಾಡಿ ಎನ್ನುತ್ತ ಎಂಜಿನಿಯರ್ ಗೋಡೆಯ ಸ್ವಿಚ್‌ಬೋರ್ಡಿನತ್ತ ನಡೆದರು. ನಾನು ಅಡ್ಡ ನಿಂತೆ. ಕೊನೆಯಲ್ಲಿ ಮಾಡಿದ್ದೇನು ಎಂದು ಯೋಚಿಸಿ ಆ ಎರಡನೆಯ ತಂತಿಯನ್ನು ಕಿತ್ತೆ. ದೀಪಗಳು ತಣ್ಣಗಾದವು. ಚಲನ್ ಬರುತ್ತಿದೆ ಎಂದರು ಗುಮಾಸ್ತರು. ಎರಡು ದಾರಿಯಿದ್ದರೆ ಒಂದೇ ಸಂದೇಶ ಕೊನೆಯಿಲ್ಲದೆ ಸುತ್ತುತ್ತದೆ ಎಂದು ಎಂಜಿನಿಯರ್ ವಿವರಿಸಿದರು. ಅದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಎಲ್ಲ ಆರಿಸಬೇಕೆಂಬುದನ್ನು ಒಪ್ಪಲಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದರು. “ನಿಂತಿತ್ತಾ?”

“ನಿಂತಿತ್ತು ಸರ್. ನನ್ನ ಕೈಯಿಂದ್ಲೇ.”

“ನಾನು ಹೇಳಿದ್ದು ನೆನಪಿದೆಯಲ್ಲ?”

“ಅದು ಸೋಮವಾರದ ಮಾತು. ಇನ್ನೂ ಹದಿಮೂರು ತಂತಿ ಇದೆ, ಮುಗಿಸ್ತೀನಿ.”

ಅವರು ಎಂಜಿನಿಯರ್ ಮುಖ ನೋಡಿದರು. ತಾನು ಮಾಡುವುದಾದರೆ ಎಲ್ಲ ಆರಿಸಿಯೇ ಮಾಡುವುದು ಎಂದರು ಎಂಜಿನಿಯರ್. ಹೊರಗೆ ಲಾರಿಯ ಹಾರ್ನ್ ಕೇಳುತ್ತಿತ್ತು. ಮ್ಯಾನೇಜರು ಲಾರಿಯತ್ತ ಹೋದರು. ಹದಿಮೂರೂ ದಾಟಿದವು, ಆಮೇಲೆ ಒಂದು ಚಲನ್ನೂ ತಡವಾಗಲಿಲ್ಲ.

ಸೋಮವಾರ ಪ್ಯಾಕಿಂಗ್ ಹಾಲಿನ ಬಾಗಿಲ ಮುಂದೆ ಹಾದು ನೇರವಾಗಿ ಕಂಪ್ಯೂಟರ್ ಕೋಣೆಗೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಾಗಿಲಲ್ಲಿ ನಿಂತು, ಪ್ಯಾಕಿಂಗ್‌ನವರು ನನ್ನನ್ನು ಕಾಯುತ್ತಿದ್ದಾರೆ ಎಂದರು.

“ಮಹಡಿ ಮೇಲಿನ ಹಬ್ಬೂ ಹಳೇದಾಗಿದೆ ಸರ್. ಯಾವತ್ತು ಬದಲಾಯಿಸ್ಲಿ?” ಎಂದು ಕೇಳಿದೆ.

ಅವರು ಮಹಡಿಯ ಮೆಟ್ಟಿಲ ಕಡೆ ಹೊರಟುಹೋದರು. ನಾನು ಕುರ್ಚಿಯಿಂದ ಏಳಲಿಲ್ಲ.