ಸಿದ್ದರಾಯ ಕಂಪ್ಯೂಟರಿನಲ್ಲಿ ಕೂಡಿಹಾಕಿದ ಹಿಂಡು

1989ರಲ್ಲಿ ನಾನು ಕೊಲ್ಹಾಪುರದ ಹತ್ತಿರದ ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಸ್ಟೋರ್‌ಕೀಪರ್. ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವನು ಸುಳಕೂಡ ಎಂಬ ಹಳ್ಳಿಯ ಸಿದ್ದರಾಯ. ಕುರಿ ಕಾಯುವ ಮನೆತನದವನು. ಇಡೀ ಕಾರಖಾನೆಯಲ್ಲಿ ಆ ಪೆಟ್ಟಿಗೆಗೆ ಹೆದರದವನು ಅವನೊಬ್ಬನೇ. ನಾವು ‘ಸಾಹೇಬರು’ ಎಂದು ಕಾಡಿದರೆ ನಗುತ್ತಿದ್ದ. ಆ ವರ್ಷ ಜೂನ್ ತಿಂಗಳಲ್ಲಿ ನಗುವುದನ್ನು ಬಿಟ್ಟ.

ಕಂಪ್ಯೂಟರಿನಲ್ಲಿರುವ ಫೈಲುಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಪ್ರೋಗ್ರಾಮ್ ಒಂದಿತ್ತು, ಫೈಲ್ ಮ್ಯಾನೇಜರ್. ಅದನ್ನು ತೆರೆದರೆ ಅರ್ಧ ಪಟ್ಟಿ ಮೂಡಿ ಪರದೆ ಕಲ್ಲಾಗುತ್ತಿತ್ತು. ಸ್ವಿಚ್ ಆರಿಸಿ ಮತ್ತೆ ಹಚ್ಚಿದರೂ ಅದೇ ಹಾಡು. ಮಾಲಕ ಸುಕುಮಾರರು ವೋಲ್ಟೇಜಿನ ಕಾಟವೆಂದು ಸ್ಟೆಬಿಲೈಸರ್ ತರಿಸಿದರು. ನಾನು ಅಚ್ಚು ಕಟ್ಟುವ ಉಸುಕಿನ ಧೂಳೆಂದೆ. ಸಿದ್ದರಾಯ ಮುಚ್ಚಳ ಬಿಚ್ಚಿ ಬ್ರಷ್‌ನಿಂದ ಒರೆಸಿದ. ಫ್ಲಾಪಿಯಿಂದ ಪ್ರೋಗ್ರಾಮನ್ನು ಮೂರು ಸಲ ಹೊಸದಾಗಿ ಹಾಕಿದ. ಏನು ಮಾಡಿದರೂ ಅಷ್ಟೇ.

ಅವನು ಊಟ ಬಿಟ್ಟು ಕೂತದ್ದು ನೋಡಿ ನನಗೆ ರೇಗಿತು. “ಮಾಲಕರ ಮಷೀನ್ ಕೆಟ್ಟರ ನೀ ಯಾಕ ಸಾಯಾಕತ್ತಿ?”

“ಅದರಾಗ ನಮ್ಮವ್ವನ ಕುರಿ ಅದಾವ್ರಿ” ಎಂದ.

ಅವನ ತಾಯಿ ನಾಗೂಬಾಯಿ ನಲವತ್ತು ವರ್ಷ ಹಿಂಡು ಕಾಯ್ದವಳು. ಆ ಮನೆಗಳಲ್ಲಿ ಟಗರೂ ಹಿಂಡಿನಲ್ಲೇ ಹುಟ್ಟಿದ್ದು. ಯಾವ ಕುರಿ ಯಾರ ಮಗಳೆಂದು ಅರಿಯದೆ ಟಗರು ಬಿಟ್ಟರೆ ಅದು ತನ್ನ ತಾಯಿ, ತಂಗಿಯರನ್ನೇ ಕೂಡಿ ಕುರುಡು ಮರಿ ಬೀಳುತ್ತವೆ. ಕುರಿಗಳೆಲ್ಲ ಕಪ್ಪು, ಹೊರಗಿನವರಿಗೆ ಎಲ್ಲವೂ ಒಂದೇ. ಗುರುತು ಇದ್ದದ್ದು ಆಕೆಯ ತಲೆಯಲ್ಲಿ ಮಾತ್ರ. ಸಿದ್ದರಾಯ ಎರಡು ವರ್ಷ ಪ್ರತಿ ರವಿವಾರ ಆಕೆಯ ಮುಂದೆ ಕೂತು ಚೀಟಿಯಲ್ಲಿ ಬರೆದುಕೊಂಡು, ಮಾಲಕರನ್ನು ಕೇಳಿ, ಊಟದ ಬಿಡುವಿನಲ್ಲಿ ಕಂಪ್ಯೂಟರಿಗೆ ತುಂಬಿದ. ತುಂಬಿದ ಚೀಟಿಯನ್ನು ಹರಿದೊಗೆದ. ಕಂಪ್ಯೂಟರ್ ಮರೆಯುವುದಿಲ್ಲವಂತೆ!

ಮೇ ತಿಂಗಳಲ್ಲಿ ನಾಗೂಬಾಯಿಗೆ ಲಕ್ವಾ ಹೊಡೆದು ಮಾತು ನಿಂತುಹೋಯಿತು. ಹಿಂಡು ಕಾಯಲು ಬಂದ ಗುಂಡು ಎಂಬವನು ಹೊಸ ಆಳು, ಅವನಿಗೆ ಕುರಿಗಳ ಗುರುತಿಲ್ಲ. ಟಗರು ಬಿಡುವ ಹಂಗಾಮು ಎದುರಿಗೇ ಇತ್ತು.

ಶನಿವಾರ ಕೊಲ್ಹಾಪುರದಿಂದ ಮೆಕ್ಯಾನಿಕ್ ತಾನಾಜಿ ಬಂದ. ಚಹಾ ಆರುವವರೆಗೆ ಪರದೆ ನೋಡಿ, “ಅರೇ, ಹೇ ಕಾಯ ಕೇಲಂಸ? ಏನ್ ಮಾಡಿಟ್ಟೀಯೋ ಇದು? ಒಂದರಾಗ ಒಂದು ಎಷ್ಟು ಖಾನೆ ಇಟ್ಟೀಯೋ?” ಎಂದ.

“ಮಗಳು ಅವ್ವನ ಒಳಗ ಇರ್ತಾಳಲ್ರಿ” ಎಂದ ಸಿದ್ದರಾಯ.

ಕುರಿಗಾರರ ಲೆಕ್ಕವೇ ಹಾಗೆ, ಮರಿಯನ್ನು ಹೇಳುವುದು ತಾಯಿಯಿಂದ: ಚಂದ್ರಿಯ ಮಗಳು ತುಂಗಿ, ತುಂಗಿಯ ಮಗಳು ಬೋರಿ. ಅವನು ಕಂಪ್ಯೂಟರಿನಲ್ಲಿ ಪ್ರತಿ ಕುರಿಗೊಂದು ಖಾನೆ, ಅಂದರೆ ಈಗಿನವರು ಹೇಳುವ ಫೋಲ್ಡರ್, ಮಾಡಿ ತಾಯಿಯ ಖಾನೆಯೊಳಗೆ ಇಟ್ಟಿದ್ದ. ಮಾತು ನಿಲ್ಲುವ ಮುಂಚೆ ನಾಗೂಬಾಯಿ ಕೊನೆಗೆ ನೆನಪಿಸಿಕೊಂಡ ಹಳೆಯ ಅಜ್ಜಿ ಕುರಿಗಳನ್ನು ಮೇಲೆ ಸೇರಿಸಿ, ಇಡೀ ಹಿಂಡನ್ನು ಎತ್ತಿ ಅವುಗಳೊಳಗೆ ಹಾಕಿದ್ದ. ಹೊರಗಿನ ಖಾನೆಯಿಂದ ಒಳಗಿನದರವರೆಗೆ ಹೆಸರುಗಳ ಸಾಲು ಅರವತ್ತಮೂರು ಅಕ್ಷರ ದಾಟಿದರೆ ಯಂತ್ರ ದಾರಿ ತಪ್ಪುತ್ತದೆ ಎಂದು ತಾನಾಜಿ ತಿಳಿಸಿದ.

ಅವನು ಬೇರೊಂದು ಫ್ಲಾಪಿ ಹಾಕಿ, ಮೇಲಿನ ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಿದ. ಪಟ್ಟಿ ತೆರೆಯಿತು. ಸತ್ತ ಕುರಿಗಳೆಲ್ಲ ಸಿಕ್ಕವು. ಎಲ್ಲಕ್ಕಿಂತ ಒಳಗಿದ್ದ, ಬದುಕಿರುವ ಇಪ್ಪತ್ತೆರಡು ಕುರಿಗಳ ಜಾಗದಲ್ಲಿ ಬರೀ ಕಸದ ಚಿಹ್ನೆಗಳಿದ್ದವು. ಕಲ್ಲಾದಾಗಲೆಲ್ಲ ಸ್ವಿಚ್ ಆರಿಸಿ ಆರಿಸಿ ಅಲ್ಲಿ ಬರೆದದ್ದು ಹಾಳಾಗಿತ್ತು.

“ಈಗ ಯಾರನ್ನ ಕೇಳ್ಲಿರೀ?” ಎಂದ ಸಿದ್ದರಾಯ.

ಮರುದಿನ ಮುಂಜಾನೆ ನಾನೂ ಸುಳಕೂಡಕ್ಕೆ ಹೋದೆ. ನಾಗೂಬಾಯಿ ಮಲಗಿದ್ದ ಹೊರಸನ್ನು ಅಂಗಳಕ್ಕೆ ತಂದಿದ್ದರು. ಬಲಗೈ ಸತ್ತಿತ್ತು, ಎಡಗೈ ಆಡುತ್ತಿತ್ತು. ಗುಂಡು ಒಂದೊಂದೇ ಕುರಿಯನ್ನು ಹಿಡಿದು ಆಕೆಯ ಮುಂದೆ ನಿಲ್ಲಿಸಿದ. ಸಿದ್ದರಾಯ ಉಳಿದ ಪಟ್ಟಿ ಹಿಡಿದು ಕೇಳುತ್ತ ಹೋದ.

“ಅವ್ವಾ, ಇದು ಬೋರಿ ಮಗಳೇನ?”

ಹೌದೆನ್ನುವಂತೆ ಕೈ ಮೇಲೆದ್ದಿತು. ನನಗೆ ಕಣ್ಣು ತುಂಬಿ ಬಂತು. ಅವನು ಬರೆದುಕೊಂಡ. ಎರಡನೆಯದಕ್ಕೂ ಕೈ ಎದ್ದಿತು, ಮೂರನೆಯದಕ್ಕೂ. ಐದಾರು ಆದ ಮೇಲೆ ಅವನು ಬರೆಯುವುದನ್ನು ನಿಲ್ಲಿಸಿದ. ಆಕೆಗೆ ನಿಜವಾಗಿ ಗುರುತು ಸಿಗುತ್ತಿದೆಯೇ ಎಂಬ ಸಂಶಯ ನನಗೂ ಬಂದಿತ್ತು. ಅವನು ಪಟ್ಟಿಯನ್ನು ಮಡಚಿ, ಹಿಂಡಿನಲ್ಲಿ ಎಂದೂ ಇಲ್ಲದ ಹೆಸರೊಂದನ್ನು ಹೇಳಿದ.

“ಇದು ರುಕುಮಿ ಮಗಳೇನವ್ವಾ?”

ಮಗನ ಮುಖ ನೋಡುತ್ತಲೇ ಆಕೆ ಕೈ ಎತ್ತಿದಳು. ಮಗ ಏನು ಕೇಳಿದರೂ ಹೌದೆನ್ನುವುದೊಂದೇ ಆಕೆಗೆ ಉಳಿದಿತ್ತು.

“ಹೌದವ್ವಾ, ಬರೋಬ್ಬರಿ ಹೇಳ್ದಿ” ಎಂದ ಸಿದ್ದರಾಯ. ಉಳಿದ ಅಷ್ಟೂ ಕುರಿಗಳನ್ನು ಕರೆಸಿ, ಕೇಳಿ, ಬರೆದುಕೊಳ್ಳುವಂತೆ ಪೆನ್ನು ಆಡಿಸಿದ.

ಸೋಮವಾರ ಅವನು ತಾಯಿ ಯಾರೆಂದು ತಿಳಿಯದ ಆ ಕುರಿಗಳಿಗೆ ಕಂಪ್ಯೂಟರಿನಲ್ಲಿ ಇಪ್ಪತ್ತೆರಡು ಖಾನೆ ಮಾಡಿದ, ಒಂದರ ಪಕ್ಕ ಒಂದು, ಯಾವುದರೊಳಗೂ ಯಾವುದೂ ಇಲ್ಲ. ಅಂದಿನಿಂದ ಫೈಲ್ ಮ್ಯಾನೇಜರ್ ಒಂದು ಸಲವೂ ನಿಲ್ಲಲಿಲ್ಲ.